ಮೈದಾನ ಬದಲಿಸಿ ಆಟಗಾರನ್ನ ಬೈದ್ರ ಹೆಂಗ್ರೀ?

ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ಗೋಡೆಗೆ ತೂಗುಹಾಕಿದ ಸ್ಟಿಕ್ ನೋಡಿ, "ಇದೇನ್ರಿ, ಕಳ್ಳರಿಗಂತ ಇಟ್ಟೀರೇನು?" ಅಂದರು. ಗದಗಿನ ಮುಳಗುಂದ ನಾಕಾದ ಹತ್ತಿರ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರು, ತಾಮ್ರದ ತಂತಿ, ವಾರ್ನಿಷ್ ವಾಸನೆ, ಇವುಗಳ ನಡುವೆ ಒಂದು ಹಾಕಿ ಸ್ಟಿಕ್. ಹಿಪ್ಪುನೇರಳೆ ಕಟ್ಟಿಗೆಯದು, ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ್ದು. "ಹೌದ್ರಿ, ಕಳ್ಳರಿಗೇ" ಅಂದು ಸುಮ್ಮನಾದೆ. ವಿವರಿಸಲು ಹೋದರೆ ಮುಂದಿನ ಪ್ರಶ್ನೆ ಯಾವುದು ಅಂತ ನನಗೆ ಗೊತ್ತು: "ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಅಲ್ರಿ?" ಅಲ್ಲ. 2012ರಲ್ಲಿ ಲಕ್ನೋದ ಶಾಲಾ ಹುಡುಗಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಅಂತ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತ್ತು. ಸಾಲಿಯಲ್ಲಿ "ಹಾಕಿ" ಅಂತ ಬರೆದು ತಗೊಂಡ ಒಂದೊಂದು ಮಾರ್ಕನ್ನ ನಾವೆಲ್ಲ ವಾಪಸ್ ಕೊಡಬೇಕು.

ಬೆಟಗೇರಿಯಲ್ಲಿ ಬೆಳೆದ ನಮ್ಮ ಹಾಕಿ ಗುಂಪಿನಲ್ಲಿ ಈಗ ಉಳಿದವರು ಆರು ಮಂದಿ. ಯಾರಿಗೂ ಅವ್ವ-ಅಪ್ಪ ಇಟ್ಟ ಹೆಸರಿಲ್ಲ. ಸೆಂಟರ್ ಹಾಫ್, ರೈಟ್ ಔಟ್, ಲೆಫ್ಟ್ ಇನ್, ಗೋಲಿ, ಹೀಗೇ ಮೈದಾನದಲ್ಲಿ ಆಡುತ್ತಿದ್ದ ಜಾಗದ ಹೆಸರಿನಿಂದಲೇ ಕರೆಯೋದು. ಒಮ್ಮೆ ರೈಟ್ ಔಟ್‌ನ ಮನೆಗೆ ಫೋನ್ ಮಾಡಿ "ರೈಟ್ ಔಟ್ ಅದಾನೇನ್ರಿ ವೈನಿ?" ಅಂದರೆ, ಆ ತಾಯಿ "ಇಲ್ರಿ, ಅವ್ರು ಹೊರಗ ಹೋಗ್ಯಾರ್ರಿ" ಅಂದಿದ್ದರು. ಈಗಿನ ಹುಡುಗರಿಗೆ ಈ ಹೆಸರುಗಳೇ ಗೊತ್ತಿಲ್ಲ, ಅವರದೆಲ್ಲ ಸ್ಟ್ರೈಕರ್, ಮಿಡ್‌ಫೀಲ್ಡರ್. ರವಿವಾರ ಸಂಜಿ ಒಗ್ಗರಣಿ-ಮಿರ್ಚಿ ಮುಂದಿಟ್ಟುಕೊಂಡು ಕೂತರೆ ಅರ್ಧ ತಾಸು ಹಾಕಿ, ಆಮೇಲೆ ಎರಡು ತಾಸು ರಾಜಕೀಯ. ನಮ್ಮೂರಲ್ಲಿ ಮಿರ್ಚಿ ಆರೋದರೊಳಗೆ ಸರ್ಕಾರ ಬೀಳಿಸಿ ಹೊಸದು ಮಾಡೋ ಶಕ್ತಿ ಎಲ್ಲರಿಗೂ ಇದೆ.

ನಾನು ಹುಟ್ಟಿದ್ದು 1979ರಲ್ಲಿ. ಮರುವರ್ಷ ಮಾಸ್ಕೋದಲ್ಲಿ ಸ್ಪೇನ್ ವಿರುದ್ಧ 4-3 ಗೆದ್ದು ಭಾರತ ಎಂಟನೇ ಚಿನ್ನ ತಂತು. ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಅಪ್ಪ ರೇಡಿಯೋ ಕಿವಿಗೆ ಹಚ್ಚಿಕೊಂಡು ಕೇಳುವಾಗ ನಾನು ತೊಟ್ಟಿಲಲ್ಲಿದ್ದೆನಂತೆ. ಅಲ್ಲಿಂದ ಮುಂದೆ ನಾನು ಕಣ್ಣಾರೆ ನೋಡಿದ್ದೆಲ್ಲ ಸೋಲು. 2008ರಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆಯೇ ಸಿಗಲಿಲ್ಲ. 2012ರ ಲಂಡನ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಹಾಗಾಗಿ 2021ರ ಆಗಸ್ಟ್ 5ರ ಮುಂಜಾನೆ ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ 1-3ರಿಂದ ಹಿಂದಿದ್ದವರು ಜರ್ಮನಿಯನ್ನ 5-4ರಿಂದ ಸೋಲಿಸಿ, ಕಡೇ ಆರೇಳು ಸೆಕೆಂಡಿನ ಪೆನಾಲ್ಟಿ ಕಾರ್ನರನ್ನ (ನಮ್ಮ ತಪ್ಪಿಗೆ ಎದುರಾಳಿಗೆ ಸಿಗೋ ಗೋಲಿನ ಅವಕಾಶ) ಗೋಲ್‌ಕೀಪರ್ ಶ್ರೀಜೇಶ್ ತಡೆದಾಗ, 42 ವರ್ಷದ ನಾನು ಸಣ್ಣ ಕೂಸಿನಂಗ ಅತ್ತೆ. ಹೆಂಡತಿ ಒಳಗಿನಿಂದ ಓಡಿ ಬಂದು "ಯಾರಿಗೇನಾತ್ರಿ?" ಅಂದಳು. ಕೊರೋನಾ ಕಾಲ, ಅವಳ ಅಂಜಿಕೆಯೂ ಸುಳ್ಳಲ್ಲ.

ಇಷ್ಟು ವರ್ಷ ಯಾಕೆ ಸೋತೆವು ಅಂದರೆ ನಮ್ಮವರ ಹತ್ತಿರ ರೆಡಿ ಉತ್ತರ ಒಂದಿದೆ: ಕ್ರಿಕೆಟ್. ನಾನು ಒಪ್ಪೋದಿಲ್ಲ. ನಮ್ಮ ಗದಗಿನ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ ಬರೇ 6 ರನ್ ಕೊಟ್ಟು 5 ವಿಕೆಟ್ ತೆಗೆದಾಗ ಊರಿಗೆ ಊರೇ ಕುಣಿದಿತ್ತು, ನಾವು ಹಾಕಿಯವರೂ ಕುಣಿದಿದ್ದೆವು. ಒಂದು ಆಟ ಬೆಳೆದರೆ ಇನ್ನೊಂದು ಸಾಯಲೇಬೇಕು ಅಂತ ಎಲ್ಲಿದೆ?

ನಿಜವಾಗಿ ಆಗಿದ್ದು ಬೇರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನ ಹುಲ್ಲಿನ ಮೇಲಲ್ಲ, ಕೃತಕ ಟರ್ಫ್ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿದ್ದ ನಾವು ಅಲ್ಲಿ ಏಳನೇ ಸ್ಥಾನಕ್ಕೆ ಬಿದ್ದೆವು. ಅದು ಏನು ಬದಲಾವಣೆ ಅನ್ನೋದು ಓದಿದರೆ ತಿಳಿಯೋದಿಲ್ಲ, ಕಾಲಿಗೆ ತಿಳೀಬೇಕು. ನಮ್ಮ ಮಸಾರಿ ನೆಲದಲ್ಲಿ ಚೆಂಡು ಹರಳಿಗೆ ಬಡಿದು ಎಲ್ಲಿ ಪುಟೀತೈತಿ ಅಂತ ದೇವರಿಗೇ ಗೊತ್ತು. ಅದಕ್ಕೇ ಚೆಂಡನ್ನ ಸ್ಟಿಕ್ಕಿಗೆ ಅಂಟಿಸಿಕೊಂಡು ಓಡೋದನ್ನ ಕಲೀತಿದ್ದೆವು. ಕಾಲೇಜು ತಂಡದ ಜೊತೆ ಬೆಂಗಳೂರಿಗೆ ಹೋದಾಗ ನಾನು ಮೊದಲ ಸಲ ಟರ್ಫ್ ಮೆಟ್ಟಿದ್ದು. ಚೆಂಡು ಎಣ್ಣೆ ಸವರಿದಂಗ ಸರ್ರ್ ಅಂತ ಬಂತು. ನಾನು ಸ್ಟಿಕ್ ಕೆಳಗಿಡೋದರೊಳಗೆ ಹಿಂದೆ ಹೋಗಿ ಗೋಲ್ ಪೆಟ್ಟಿಗೆಯ ಹಲಗೆಗೆ ಬಡಿದಿತ್ತು. ಕ್ಯಾನ್ವಾಸ್ ಬೂಟು ಜಾರಿ ಬಿದ್ದು ಎರಡೂ ಮೊಣಕಾಲ ಚರ್ಮ ಸುಲಿದು ಹೋತು. ಆರು ಗೋಲಿನಿಂದ ಸೋತೆವು. ಪಂದ್ಯ ಮುಗಿದ ಮೇಲೆ ದೊಡ್ಡವರೊಬ್ಬರು ಬಂದು "ನಿಮ್ಮ ಕಡೆ ಹುಡುಗರಿಗೆ ಸ್ಟ್ಯಾಮಿನಾ ಇಲ್ಲ ಕಣ್ರೋ" ಅಂದರು. ಗೋಲಿ ಅವರ ಮುಖವನ್ನೇ ನೋಡುತ್ತ, "ಸ್ಟ್ಯಾಮಿನಾ ಐತ್ರಿ ಸರ್, ಟರ್ಫ್ ಇಲ್ರಿ" ಅಂದ. ನನ್ನ ಪ್ರಕಾರ ಭಾರತೀಯ ಹಾಕಿಯ ನಲವತ್ತು ವರ್ಷದ ಚರಿತ್ರೆಯನ್ನ ಅಷ್ಟು ಚೊಕ್ಕ ಹೇಳಿದವರು ಇನ್ನೊಬ್ಬರಿಲ್ಲ.

ಇಲ್ಲೊಂದು ತಕರಾರೂ ಇದೆ, ಅದನ್ನ ಎತ್ತಿದವನು ಲೆಫ್ಟ್ ಇನ್. ಪಾಕಿಸ್ತಾನದವರೂ ನಮ್ಮಂಗೇ ಮಣ್ಣು-ಹುಲ್ಲಿನಲ್ಲಿ ಬೆಳೆದವರಲ್ವೇನು? ಟರ್ಫ್ ಬಂದ ಮೇಲೂ ಅವರು 1982 ಮತ್ತು 1994ರ ವಿಶ್ವಕಪ್, 1984ರ ಒಲಿಂಪಿಕ್ ಚಿನ್ನ ಗೆದ್ದರಲ್ಲ? ಹೌದು, ಗೆದ್ದರು. ಹಾಗಾಗಿ "ಯುರೋಪಿನವ್ರು ಪಿತೂರಿ ಮಾಡಿದ್ರು" ಅಂತ ಅಳುವವರ ಜೊತೆ ನಾನು ಕೂಡೋದಿಲ್ಲ. ಆಟ ಬದಲಾಗತೈತಿ. ಆದರೆ ಹೊಸ ಮೈದಾನ ಬಂದಾಗ ನಿನ್ನ ಹುಡುಗರಿಗೂ ಅದನ್ನ ಹಾಸಿಕೊಟ್ಟೆಯೇನು ಅನ್ನೋದು ಪ್ರಶ್ನೆ. ಒಡಿಶಾದವರು ಹಾಸಿಕೊಟ್ಟರು. ರಾಷ್ಟ್ರೀಯ ತಂಡಕ್ಕೆ 2018ರಿಂದ ಪ್ರಾಯೋಜಕರಾಗಿ ನಿಂತರು, ರೂರ್ಕೆಲಾದಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿ 2023ರ ವಿಶ್ವಕಪ್ ಆಡಿಸಿದರು. ಇತ್ತ ಸೋಮಯ್ಯ, ಗಣೇಶ್, ಗೋವಿಂದ, ಅರ್ಜುನ್ ಹಾಲಪ್ಪ, ಎಸ್.ವಿ. ಸುನೀಲ್, ರಘುನಾಥ್ ಅವರನ್ನ ಕೊಟ್ಟ ಕರ್ನಾಟಕದಿಂದ ಟೋಕಿಯೋ, ಪ್ಯಾರಿಸ್ ಎರಡೂ ಪುರುಷರ ತಂಡಗಳಲ್ಲಿ ಒಬ್ಬನೂ ಇರಲಿಲ್ಲ. ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರಿನಲ್ಲಿ ಮತ್ತೆ ಶುರುವಾದಾಗ ನಮ್ಮ ರಾಜ್ಯದ ಹೆಸರಿನ ತಂಡವೂ ಇರಲಿಲ್ಲ. ಇದಕ್ಕೆ ಯಾರ ಸ್ಟ್ಯಾಮಿನಾ ಕಡಿಮೆ ಅಂತ ಹೇಳೋಣ?

(ಟರ್ಫಿನ ಇನ್ನೊಂದು ತಮಾಷೆ: ಪಂದ್ಯಕ್ಕೆ ಮೊದಲು ಅದಕ್ಕೆ ಸಾವಿರಾರು ಲೀಟರ್ ನೀರು ಹೊಡೀಬೇಕು. ಇದನ್ನ ಕೇಳಿ ನಮ್ಮ ಓಣಿಯ ಕಾಕಾ ಒಬ್ಬರು, "ಹಂಗಾರ ನಮ್ಮನಿ ಮುಂದ ಹಾಕ್ರೆಪಾ. ಅದರ ಕಾಲಾಗಾದ್ರೂ ನೀರು ಬರ್ತಾವ" ಅಂದರು. ನಮ್ಮ ಕಡೆ ನಳ ಬಂದ ದಿನವನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕೋ ರೂಢಿ ಇದೆ.)

ಮೈದಾನ ಬದಲಿಸಿ ಆಟಗಾರನ್ನ ಬೈಯೋ ಈ ವಿಚಾರ ತಲೆಯಲ್ಲಿ ಕೂತ ಮೇಲೆ ನನಗೆ ಪೇಪರಿನ ಎಲ್ಲ ಸುದ್ದಿಯೂ ಹಾಗೇ ಕಾಣೋಕೆ ಶುರುವಾಗಿದೆ. ನಮ್ಮ ಸೆಂಟರ್ ಹಾಫ್ ಒಕ್ಕಲುತನದವ. ಅವರಪ್ಪನ ಕಾಲಕ್ಕೆ ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಉಳ್ಳಾಗಡ್ಡಿ ಎರಡು ವರ್ಷ ಕೈ ಕೊಟ್ಟಿತು, ಹತ್ತಿ ಬಿಡಿಸೋಕೆ ಆಳು ಸಿಗದಂಗಾತು. "ಗೋವಿನಜೋಳ ಹಾಕ್ರಿ, ಎಥೆನಾಲ್‌ಗೆ ಬೇಕಾಗತೈತಿ, ರೇಟಿಗೇನೂ ಕಮ್ಮಿ ಇಲ್ಲ" ಅಂತ ಎಲ್ಲರೂ ಹೇಳಿದರು. ಹಾಕಿದ. ಇವನೊಬ್ಬನೇ ಅಲ್ಲ, ಇಡೀ ಸೀಮೆ ಹಾಕಿತು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಅಂತ ಇದ್ದರೂ ಪೇಟೆಯಲ್ಲಿ ಕೇಳಿದರೆ ಎರಡು ಸಾವಿರವೂ ಮುಟ್ಟಲಿಲ್ಲ. 2025ರ ನವೆಂಬರಿನಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರ ತೆಗೀರಿ ಅಂತ ದಿನಗಟ್ಟಲೆ ಕೂತರಲ್ಲ, ಇವನೂ ಹೋಗಿ ಕೂತು ಬಂದ. ಆಗ ಟಿವಿಯಲ್ಲಿ ಒಬ್ಬ ಪಂಡಿತರು ಏನಂದರು ಗೊತ್ತೇ? "ರೈತರು ಮಾರುಕಟ್ಟೆ ನೋಡಿ ಬೆಳೆ ಹಾಕಬೇಕು." ಸೆಂಟರ್ ಹಾಫ್ ಟಿವಿ ಬಂದ್ ಮಾಡಿ, "ಲೇ, ಇವರನ್ನ ನಾವು ಬೆಂಗಳೂರಾಗ ನೋಡಿದ್ವಲ್ಲೋ. ಸ್ಟ್ಯಾಮಿನಾ ಇಲ್ಲ ಅಂದಾಂವ" ಅಂದ. ಅವರಲ್ಲ, ಬೇರೆಯವರು. ಆದರೆ ಅವರೇ.

ಆರ್‌ಸಿಬಿ ಐಪಿಎಲ್ ಗೆದ್ದ 2025ರ ಜೂನ್ 3ರ ರಾತ್ರಿ ನಾನೂ ಪಟಾಕಿ ಹೊಡೆದೆ, ಮುಚ್ಚಿಡೋದೇನು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತಾಗ ನಮ್ಮ ಚಹಾದಂಗಡಿಯಲ್ಲೂ "ಇವ್ರಿಗೆ ಅಲ್ಲಿಗೆ ಹೋಗ ಅಂತ ಯಾರು ಹೇಳಿದ್ರು?" ಅಂದವರೇ ಹೆಚ್ಚು. ಗೋಲಿ ಈಗ ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಗಾರ್ಡ್. ಇಲ್ಲಿ ಗೋಲು ಕಾಯ್ತಿದ್ದ, ಅಲ್ಲಿ ಗೇಟು ಕಾಯ್ತಾನೆ. ಅವನು ಆ ರಾತ್ರಿ ಫೋನಿನಲ್ಲಿ, "ಗೇಟ್ ಕಾಯೋದಂದ್ರ ಬಾಗಲಾ ಹಾಕೋದಲ್ಲಲೇ. ಎಷ್ಟ ಮಂದಿ ಬರ್ತಾರ ಅಂತ ಮೊದಲ ಎಣಿಸಬೇಕು. ನಮ್ಮ ಬಿಲ್ಡಿಂಗ್ ಗಣಪತಿ ಹಬ್ಬಕ್ಕ ನಾನ ಲೆಕ್ಕಾ ಹಾಕ್ತೀನಿ" ಅಂದ. ಸತ್ತ ಹುಡುಗರ ತಪ್ಪು ಹುಡುಕುವವರಿಗೆ ಗೇಟಿನ ಲೆಕ್ಕ ಬೇಕಾಗಿರಲಿಲ್ಲ.

ರೈಟ್ ಔಟ್‌ನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾನೆ, ನಾಲ್ಕನೇ ವರ್ಷ. ನೇಮಕಾತಿ ಕರೆಯೋದರೊಳಗೆ ವಯಸ್ಸು ಮೀರತೈತಿ ಅನ್ನೋ ಚಿಂತೆ. ಅವನಿಗೆ ಊರಲ್ಲಿ ಏನಂತಾರೆ ಅಂತ ನಾನು ಬರೆಯೋದು ಬೇಡ. ಬೆಟಗೇರಿಯ ಕೈಮಗ್ಗದ ಕತೆಯಂತೂ ನಮ್ಮ ಲೆಫ್ಟ್ ಇನ್‌ನ ಮನೆಯದೇ. ಅದನ್ನ ಬರೆಯಬೇಡ ಅಂದಿದ್ದಾನೆ, ಬಿಟ್ಟೆ.

ಪ್ಯಾರಿಸ್‌ನ ಕ್ವಾರ್ಟರ್ ಫೈನಲ್ ಮಾತ್ರ ಹೇಳಿಬಿಡ್ತೀನಿ. 2024ರ ಆಗಸ್ಟ್ 4, ಬ್ರಿಟನ್ ವಿರುದ್ಧ. ಎರಡನೇ ಕ್ವಾರ್ಟರಿನಲ್ಲೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ ನಲವತ್ತು ನಿಮಿಷಕ್ಕೂ ಹೆಚ್ಚು ಹತ್ತೇ ಜನ. ಹಾಕಿಯಲ್ಲಿ ಒಬ್ಬ ಕಡಿಮೆಯಾದರೆ ಫುಟ್‌ಬಾಲಿನಂಗಲ್ಲ, ಎದುರಾಳಿಯ ಪೆನಾಲ್ಟಿ ಕಾರ್ನರ್ ತಡೆಯೋಕೆ ಮೊದಲು ಓಡುವ ಅವನೇ ಹೊರಗೆ ಹೋದ ಅಂದರೆ ಮನೆಯ ಕದ ಕಿತ್ತಂಗೆ. 1-1ಕ್ಕೆ ನಿಲ್ಲಿಸಿ ಶೂಟೌಟಿನಲ್ಲಿ 4-2 ಗೆದ್ದರು. ಆ ನಲವತ್ತು ನಿಮಿಷ ಯಾರೂ ಹೀರೋ ಆಗಲು ಹೋಗಲಿಲ್ಲ. ಫಾರ್ವರ್ಡ್‌ಗಳು ಹಿಂದೆ ಬಂದು ಬ್ಯಾಕ್ ಆದರು. ರೈಟ್ ಔಟ್‌ನ ಮನೆಯಲ್ಲಿ ಕೂತು ನೋಡುತ್ತಿದ್ದೆವು, ಗೋಲಿ ಗೇಟಿನ ಕ್ಯಾಬಿನ್‌ನಿಂದ ವಿಡಿಯೋ ಕಾಲ್‌ನಲ್ಲಿದ್ದ. ಅವನ ಫೋನಿನಲ್ಲಿ ಆಟ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. ನಾವು ಕೂಗಿದಾಗೆಲ್ಲ "ಹೇಳಬ್ಯಾಡ್ರಲೇ, ಹೇಳಬ್ಯಾಡ್ರಿ" ಅಂತ ಕಿವಿ ಮುಚ್ಚಿಕೊಳ್ಳುತ್ತಿದ್ದ.

2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಖರ್ಚಿನ ಲೆಕ್ಕದಲ್ಲಿ ಹಾಕಿಯನ್ನೇ ಕೈಬಿಟ್ಟಿದ್ದಾರೆ. ಇರಲಿ. ರಾಜಗೀರ್‌ನಲ್ಲಿ 2025ರಲ್ಲಿ ಕೊರಿಯಾವನ್ನ 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದಿದ್ದೇವೆ, ವಿಶ್ವಕಪ್ಪಿಗೆ ಟಿಕೆಟ್ ಸಿಕ್ಕಿದೆ. ಅದು ನೆದರ್ಲೆಂಡ್ಸ್-ಬೆಲ್ಜಿಯಂನಲ್ಲಿ, 2026ರ ಆಗಸ್ಟಿನಲ್ಲಿ. ಆ ತಿಂಗಳು ರಾತ್ರಿ ಮೋಟಾರ್ ಸುಟ್ಟರೆ ಯಾರೂ ನನಗೆ ಫೋನ್ ಮಾಡಬೇಡಿ ಅಂತ ಈಗಲೇ ತಿಳಿಸಿರುತ್ತೇನೆ.

ಸೆಂಟರ್ ಹಾಫ್ ಅವರ ಊರಿನ ಕನ್ನಡ ಸಾಲಿಯ ಮೈದಾನದಲ್ಲಿ ರವಿವಾರ ಮುಂಜಾನೆ ಹತ್ತು-ಹನ್ನೆರಡು ಹುಡುಗ-ಹುಡುಗಿಯರಿಗೆ ಆಡಿಸುತ್ತಾನೆ. ನಮ್ಮ ಹಳೇ ಸ್ಟಿಕ್‌ಗಳನ್ನೇ ಕೊಯ್ದು ಗಿಡ್ಡ ಮಾಡಿ ಕೊಟ್ಟಿದ್ದೇವೆ. ಕಳೆದ ವಾರ ನಾನೂ ಲೆಫ್ಟ್ ಇನ್ನೂ ಬೈಕ್ ಮೇಲೆ ಹೋದರೆ ಮೈದಾನದ ತುಂಬ ಹಳದಿ. ಅವನದೂ, ಬಾಜೂಕಿನವರದೂ ಗೋವಿನಜೋಳ ಒಣಹಾಕಿದ್ದರು. ಮಾರಲು ಮನಸ್ಸಿಲ್ಲ, ಇಡಲು ಜಾಗ ಇಲ್ಲ. ಸೆಂಟರ್ ಹಾಫ್ ಕಾಲಿನಿಂದ ಕಾಳು ತಿರುವುತ್ತಾ, "ಆ ಕಡೇ ಮೂಲಿ ಬಿಟ್ಟೇವು ನೋಡ್ರಿ, ಅಲ್ಲೇ ಆಡ್ತಾರ" ಅಂದ. ಬಾವಿಕಟ್ಟೆಯ ಪಕ್ಕ ಬ್ಯಾಡ್ಮಿಂಟನ್ ಅಂಗಳದಷ್ಟು ಜಾಗ. ಹುಡುಗರು ಅಷ್ಟರಲ್ಲೇ ಗೋಲಿನ ಮುಂದಿನ ಡಿ ಗೆರೆ ಎಳೆದುಕೊಂಡಿದ್ದರು, ಸುಣ್ಣದ ಪುಡಿಯಿಂದ. ಚೆಂಡು ಗೋವಿನಜೋಳದೊಳಗೆ ಹೋದರೆ ಏನು ಅನ್ನೋದರ ಮೇಲೆ ಜಗಳ ಹತ್ತಿತ್ತು. ಐದನೇತ್ತೆಯ ಹುಡುಗಿಯೊಬ್ಬಳು ಸ್ಟಿಕ್ ನೆಲಕ್ಕೂರಿ, "ಔಟ್ ಐತಿ" ಅಂತ ಹಟ ಹಿಡಿದಿದ್ದಳು. ಇನ್ನೊಬ್ಬ, "ಅದು ನಮ್ಮಪ್ಪನ ಪಾಲು, ಅಲ್ಲಿ ಹೋದ್ರ ನಮಗ ಫ್ರೀ ಹಿಟ್" ಅಂದ. ಎಲ್ಲರೂ ಸೆಂಟರ್ ಹಾಫ್ ಕಡೆ ನೋಡಿದರು. ಅವನು ಕಾಳು ತಿರುವೋದು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದ, ಆಮೇಲೆ ಸೀಟಿ ಊದಿದ. "ಕಾಳು ತುಳೀದ ಚೆಂಡು ತಂದಾಂವಗ ಫ್ರೀ ಹಿಟ್."