ಸಂಗೀತದ ಪೀರಿಯಡ್ ಯಾರಿಗೂ ಬೇಡವಾಯಿತೇ?

ಮಗಳ ಶಾಲೆಯ ಪೋಷಕರ ಸಭೆ ಮುಗಿಸಿ ಬಂದು ಇಷ್ಟು ಹೊತ್ತಾದರೂ ನನ್ನ ಸಿಟ್ಟು ಇಳಿದಿಲ್ಲ. ಐದನೇ ತರಗತಿಯವರಿಗೆ ಇನ್ನು ಸಂಗೀತದ ಪೀರಿಯಡ್ ಇಲ್ಲವಂತೆ, ಆ ಹೊತ್ತು ಗಣಿತಕ್ಕೆ ಹೋಗುತ್ತದಂತೆ. ಅದಕ್ಕೆ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. "ಹಾಡು ಹಸೆ ಮನೆಯಲ್ಲಿ ಕಲಿತರಾಯಿತು, ಮೊದಲು ಓದು ಬರಹ ಬರಲಿ" ಎಂದರು ಒಬ್ಬರು. ಓದು ಬರಹಕ್ಕೂ ಕಿವಿಗೂ ಸಂಬಂಧವೇ ಇಲ್ಲ ಎಂದು ಇವರಿಗೆ ಹೇಳಿಕೊಟ್ಟವರು ಯಾರು?

ನಾನು ಮನೆಯಲ್ಲಿ ಮಕ್ಕಳಿಗೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹೇಳಿಕೊಡುವವಳು, ಅದಕ್ಕೇ ಈ ಗಲಾಟೆ ಎನ್ನುವವರು ಎನ್ನಲಿ. ಷಿಕಾಗೋ ಪಕ್ಕದ ಇವಾನ್‌ಸ್ಟನ್‌ನಲ್ಲಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ, ನೀನಾ ಕ್ರೌಸ್ ಎಂಬ ನರವಿಜ್ಞಾನಿ ಇದ್ದಾರೆ. ಅವರ ಪ್ರಯೋಗಾಲಯದಲ್ಲಿ ಮಗುವಿನ ತಲೆಗೆ ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ವಿದ್ಯುದ್ವಾರ (ಎಲೆಕ್ಟ್ರೋಡ್) ಅಂಟಿಸಿ, ಕಿವಿಗೆ 'ದ' ಎಂಬಂಥ ಒಂದು ಅಕ್ಷರವನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಮಗು ಉತ್ತರಿಸಬೇಕಿಲ್ಲ, ಸಿನಿಮಾ ನೋಡುತ್ತ ಕುಳಿತಿದ್ದರೂ ನಡೆಯುತ್ತದೆ. ಮಿದುಳು ಹೊಮ್ಮಿಸುವ ವಿದ್ಯುತ್ ಅಲೆ ಕಿವಿಗೆ ಬಿದ್ದ ಧ್ವನಿಯ ಅಲೆಯನ್ನೇ ಹೋಲುತ್ತದೆ. ಎಷ್ಟರ ಮಟ್ಟಿಗೆ ಎಂದರೆ, ಅದನ್ನು ಸ್ಪೀಕರಿನಲ್ಲಿ ನುಡಿಸಿದರೆ ಅಕ್ಷರದ ಗುರುತು ಸಿಗುತ್ತದೆ! ಮೊದಲ ಸಲ ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಓದಿಗೂ ಇದಕ್ಕೂ ಏನು ಸಂಬಂಧ? 'ಬ' ಮತ್ತು 'ಗ' ಬೇರೆಯಾಗುವುದು ಉಚ್ಚಾರಣೆಯ ಆರಂಭದಲ್ಲಿ, ಕಣ್ಣು ಮಿಟುಕಿಸುವುದರೊಳಗೆ. ಮಿದುಳು ಆ ಕ್ಷಣವನ್ನು ಸ್ಪಷ್ಟವಾಗಿ ಹಿಡಿಯದಿದ್ದರೆ ಅಕ್ಷರವನ್ನು ಧ್ವನಿಗೆ ಹೊಂದಿಸುವುದೇ ಕಷ್ಟ. ಲಾಸ್ ಏಂಜಲಿಸ್‌ನ ಬಡ ಬಡಾವಣೆಗಳಲ್ಲಿ, ಪುಂಡರ ಗುಂಪುಗಳ ಕಾಟವಿರುವ ಕಡೆ, ಹಾರ್ಮನಿ ಪ್ರಾಜೆಕ್ಟ್ ಎಂಬ ಸಂಸ್ಥೆ ಮಕ್ಕಳಿಗೆ ಉಚಿತವಾಗಿ ಸಂಗೀತ ಕಲಿಸುತ್ತದೆ. ಅಲ್ಲಿನ 6ರಿಂದ 9 ವರ್ಷದ ಮಕ್ಕಳನ್ನು ಕ್ರೌಸ್ ತಂಡ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲವರು ಕೂಡಲೇ ಕಲಿಕೆ ಆರಂಭಿಸಿದರು, ಉಳಿದವರು ಒಂದು ವರ್ಷ ಕಾದರು. ಒಂದು ವರ್ಷ ಕಲಿತಾಗ ಮಿದುಳಿನ ಪ್ರತಿಕ್ರಿಯೆಯಲ್ಲಿ ಏನೂ ಬದಲಾಗಲಿಲ್ಲ. ಎರಡು ವರ್ಷ ಕಲಿತವರ ಮಿದುಳು ಮಾತ್ರ ಹತ್ತಿರದ ಅಕ್ಷರಗಳನ್ನು ಮೊದಲಿಗಿಂತ ಚೆನ್ನಾಗಿ ಬೇರ್ಪಡಿಸಿತು. ಎರಡು ವರ್ಷ! ನಮ್ಮ ಶಾಲೆಗಳು ವಾರ್ಷಿಕೋತ್ಸವಕ್ಕೆ ಒಂದು ಸ್ವಾಗತಗೀತೆ ಕಲಿಸಿ ಕೈ ತೊಳೆದುಕೊಳ್ಳುತ್ತವೆ.

ಈಗ ತೆಗೆದುಹಾಕಿದ ಪೀರಿಯಡ್‌ಗೆ ಬದಲಾಗಿ ಮಗಳ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಧ್ವನಿವರ್ಧಕದಲ್ಲಿ ಶಾಸ್ತ್ರೀಯ ಸಂಗೀತ ಹಾಕುತ್ತಾರಂತೆ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ಅದೇ ಹಾರ್ಮನಿ ಪ್ರಾಜೆಕ್ಟ್‌ನ ಮಕ್ಕಳಲ್ಲಿ ಸಂಗೀತದ ಬಗ್ಗೆ ಪಾಠ ಕೇಳುತ್ತ ಕುಳಿತವರಿಗಿಂತ ಕೈಯಲ್ಲಿ ವಾದ್ಯ ಹಿಡಿದು ನುಡಿಸಿದವರ ಮಿದುಳಿನಲ್ಲೇ ಹೆಚ್ಚಿನ ಸುಧಾರಣೆ ಕಂಡದ್ದು. ಶ್ರುತಿಗೆ ತನ್ನ ದನಿ ಸೇರಿತೋ ಇಲ್ಲವೋ ಎಂದು ಮಗು ತಾನೇ ಹುಡುಕಬೇಕು, ತಾಳ ತಪ್ಪಿದರೆ ತಾನೇ ತಿದ್ದಿಕೊಳ್ಳಬೇಕು. ಅನ್ನ ತಿನ್ನುತ್ತ ಕೇಳಿದ್ದರಿಂದ ಅದು ಆಗುವುದಿಲ್ಲ.

"ಸಂಗೀತದಿಂದ ಬುದ್ಧಿ ಬೆಳೆಯುತ್ತದೆ ಎನ್ನುವುದು ಹಳೆಯ ಕಟ್ಟುಕಥೆ" ಎಂದು ಇನ್ನೊಬ್ಬ ತಂದೆ ವಾದಿಸಿದರು. ಅವರು ಹೇಳುತ್ತಿದ್ದುದು 1993ರ ಮೊಟ್ಸಾರ್ಟ್ ಪ್ರಯೋಗದ ಮಾತು. ಮೊಟ್ಸಾರ್ಟ್ ಎಂಬ ಪಾಶ್ಚಾತ್ಯ ಸಂಗೀತಗಾರನ ಕೃತಿಯನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು ಸಿಕ್ಕ ಚಿಕ್ಕ ಲಾಭ ಅದು. ಅದನ್ನೇ ಹಿಗ್ಗಿಸಿ ಮಕ್ಕಳಿಗೆ ಸಿಡಿ ಮಾರಿದವರು ಬೇರೆ. ಕೇಳಿದ್ದಕ್ಕೂ ವರ್ಷಗಟ್ಟಲೆ ಕಲಿತದ್ದಕ್ಕೂ ವ್ಯತ್ಯಾಸ ನೋಡದೆ ಎರಡನ್ನೂ ಒಟ್ಟಿಗೆ ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನೊಂದು ಮಾತು, ಹೇಳಲು ಕಷ್ಟವಾದರೂ ಹೇಳುತ್ತೇನೆ. ಅಮ್ಮ ಈಗ ಮದುವೆ ಮನೆಗಳಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಗದ್ದಲದಲ್ಲಿ ಎದುರಿನವರ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಎಲ್ಲದಕ್ಕೂ ನಕ್ಕು ತಲೆಯಾಡಿಸುತ್ತಾಳೆ. ನೋಡಿದರೆ ನನಗೆ ಅಳು ಬರುತ್ತದೆ. ಹುಡುಗಿಯಾಗಿದ್ದಾಗ ಹಾಡು ಕಲಿಯಬೇಕೆಂಬ ಆಸೆ ಅವಳಿಗಿತ್ತು, ಮನೆಯಲ್ಲಿ ಬಿಡಲಿಲ್ಲ. 2013ರಲ್ಲಿ ಕ್ರೌಸ್ ತಂಡ 55ರಿಂದ 76 ವರ್ಷದವರನ್ನು ಪರೀಕ್ಷಿಸಿತು. ಎಳೆಯ ವಯಸ್ಸಿನಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ವಾದ್ಯ ಕಲಿತು, ಆಮೇಲೆ ಸುಮಾರು 40 ವರ್ಷ ಅದನ್ನು ಮುಟ್ಟದವರ ಮಿದುಳು ಕೂಡ ಮಾತಿನ ಧ್ವನಿಗೆ ಉಳಿದವರಿಗಿಂತ ಬೇಗ ಸ್ಪಂದಿಸಿತು. ಅಮ್ಮನಿಗೆ ಕಲಿಸಿದ್ದರೆ ಇಂದು ಕಿವಿ ಹೀಗಿರುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಅವಳ ಮೊಮ್ಮಗಳಿಂದ ಆ ಅವಕಾಶ ಕಿತ್ತುಕೊಳ್ಳುವಾಗ ಚಪ್ಪಾಳೆ ತಟ್ಟಲಾರೆ.

ಶಾಲೆಗೆ ಪತ್ರ ಬರೆದುಕೊಟ್ಟಿದ್ದೇನೆ. ವಾರಕ್ಕೆ ಎರಡು ಪೀರಿಯಡ್, ಮಕ್ಕಳೇ ಬಾಯಿ ಬಿಟ್ಟು ಹಾಡುವಂಥದ್ದು, ವರ್ಷ ಪೂರ್ತಿ. ಗಣಿತಕ್ಕೆ ಹೊತ್ತು ಸಾಲದಿದ್ದರೆ ಬೇರೆ ಕಡೆ ಹುಡುಕಿಕೊಳ್ಳಲಿ.