ಕಾಲುವೆಯ ಬಲ್ಬು ಆರಿಸಿದವರು ಯಾರು?

ಆಟೋಕ್ಯಾಡ್ ಎಂಬ ತಂತ್ರಾಂಶದಲ್ಲಿ ನಕ್ಷೆ ಬರೆಯುವ ಊರೂರಿನ ಡ್ರಾಫ್ಟ್ಸ್‌ಮನ್‌ಗಳಿಗೆಲ್ಲ ಬರುವ ದೂರು ಒಂದೇ: "ನಿನ್ನೆ ಬರೆದ ಗೆರೆ ಇಂದು ಕಾಣಿಸುತ್ತಿಲ್ಲ." ಬೆಂಗಳೂರಿನಲ್ಲಿ ಈ ವೃತ್ತಿಯನ್ನು ನೆಚ್ಚಿಕೊಂಡಿರುವ ನನಗೆ ಇದಕ್ಕೆ ತದ್ವಿರುದ್ಧವಾದ ದೂರುಗಳೇ ಹೆಚ್ಚು. "ಸಾರ್, ನಿವೇಶನದ ನಡುವೆ ಒಂದು ನೀಲಿ ಗೆರೆ ಕಾಣಿಸುತ್ತಿದೆ, ದಯವಿಟ್ಟು ಏನಾದರೂ ಮಾಡಿ" ಎಂದು ಗಿರಾಕಿಗಳು ಅಂಗಲಾಚುತ್ತಾರೆ. ಆ ನೀಲಿ ಗೆರೆ ಮಳೆನೀರು ಹರಿಯುವ ರಾಜಕಾಲುವೆಯದೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಲೇಯರ್ ಎಂದರೆ ಒಂದರ ಮೇಲೊಂದು ಹಾಸಿದ ಟ್ರೇಸಿಂಗ್ ಕಾಗದವಿದ್ದಂತೆ. ಗೋಡೆಗೊಂದು, ಕೊಳವೆಗೊಂದು, ಕಾಲುವೆಗೊಂದು. ಗೆರೆ ಮಾಯವಾದರೆ ಮೊದಲು ಲೇಯರ್ ಪಟ್ಟಿ ತೆರೆದು, ಹೆಸರಿನ ಪಕ್ಕದಲ್ಲಿರುವ ಬಲ್ಬನ್ನು ನೋಡಬೇಕು. ಬಲ್ಬು ಆರಿದ್ದರೆ ಲೇಯರ್ ಆಫ್ ಆಗಿದೆ ಎಂದರ್ಥ. ಗೆರೆ ಕಣ್ಣಿಗೆ ಕಾಣದು, ಆದರೆ ಇದ್ದಲ್ಲಿಯೇ ಇರುತ್ತದೆ. ಇಲ್ಲಿ ಹೊಸಬರು ಬೀಳುವ ಹೊಂಡವೊಂದಿದೆ. ಅಳಿಸುವ ಆಜ್ಞೆ ಕೊಟ್ಟು, ಯಾವುದನ್ನು ಎಂದು ಕೇಳಿದಾಗ "ಆಲ್" ಎಂದು ಟೈಪ್ ಮಾಡಿದರೆ, ಆಫ್ ಆಗಿರುವ ಲೇಯರಿನ ಗೆರೆಗಳೂ ಸದ್ದಿಲ್ಲದೆ ಅಳಿಸಿಹೋಗುತ್ತವೆ. ಕಾಣದ್ದನ್ನು ಕಳೆದುಕೊಂಡಾಗ ಕಳೆದುಕೊಂಡದ್ದೇ ತಿಳಿಯುವುದಿಲ್ಲವಾದ್ದರಿಂದ ಯಾರೂ ದೂರು ಕೊಡುವುದಿಲ್ಲ. ನಮ್ಮ ಹಿರಿಯರಿಗೆ ಈ ನಾಜೂಕು ತಿಳಿದಿರಲಿಲ್ಲ. ಅವರು ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನೂ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವನ್ನೂ ಹಾಡಹಗಲೇ ಕಟ್ಟಿದರು. ನಾವು ಮೊದಲು ಬಲ್ಬು ಆರಿಸಿ, ಆಮೇಲೆ "ಆಲ್" ಎನ್ನುವಷ್ಟು ಸುಸಂಸ್ಕೃತರಾಗಿದ್ದೇವೆ.

ಬಲ್ಬು ಉರಿಯುತ್ತಿದ್ದೂ ಗೆರೆ ಕಾಣದಿದ್ದರೆ ಪಕ್ಕದ ಗುರುತನ್ನು ನೋಡಬೇಕು. ಅಲ್ಲಿ ಸೂರ್ಯನ ಬದಲು ಹಿಮದ ಹರಳಿದ್ದರೆ ಲೇಯರ್ ಫ್ರೀಜ್ ಆಗಿದೆ. ಫ್ರೀಜ್ ಆದದ್ದನ್ನು ತಂತ್ರಾಂಶ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ದೊಡ್ಡ ನಕ್ಷೆಯೂ ಚುರುಕಾಗಿ ಓಡುತ್ತದೆ. ಕಾಲುವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಡತಗಳೂ ಹೀಗೆಯೇ ಚುರುಕಾಗಿ ಓಡುವುದನ್ನು ನಾನು ಬಲ್ಲೆ. ಒಂದೇ ಸಮಾಧಾನವೆಂದರೆ, ಫ್ರೀಜ್ ಆದ ಗೆರೆಯನ್ನು "ಆಲ್" ಎಂಬ ಆಜ್ಞೆ ಮುಟ್ಟುವುದಿಲ್ಲ. ನಗರದಲ್ಲಿ ಅಂಥ ರಕ್ಷಣೆಯ ಏರ್ಪಾಡು ಇನ್ನೂ ಬಂದಂತಿಲ್ಲ.

ಇನ್ನೂ ಸೂಕ್ಷ್ಮವಾದ ತೊಂದರೆ ವ್ಯೂಪೋರ್ಟ್‌ನದು. ಆಟೋಕ್ಯಾಡ್‌ನಲ್ಲಿ ಮುದ್ರಣಕ್ಕೆ ಸಿದ್ಧಪಡಿಸುವ ಹಾಳೆಗೆ ಲೇಔಟ್ ಎಂದು ಹೆಸರು (ಬೆಂಗಳೂರಿಗರಿಗೆ ಈ ಪದದ ಅರ್ಥವನ್ನು ಬೇರೆ ರೀತಿಯಲ್ಲಿ ವಿವರಿಸಬೇಕಾಗಿಲ್ಲ). ಆ ಹಾಳೆಯ ಮೇಲೆ ನಕ್ಷೆಯನ್ನು ತೋರಿಸುವ, ವ್ಯೂಪೋರ್ಟ್ ಎಂಬ ಕಿಟಕಿಗಳನ್ನು ಎಷ್ಟು ಬೇಕಾದರೂ ತೆರೆಯಬಹುದು, ಮತ್ತು ಒಂದೇ ಲೇಯರನ್ನು ಒಂದು ಕಿಟಕಿಯಲ್ಲಿ ಮಾತ್ರ ಫ್ರೀಜ್ ಮಾಡಿ ಉಳಿದವುಗಳಲ್ಲಿ ಬಿಡಬಹುದು. ಕಂದಾಯದವರ ಕಿಟಕಿಯಲ್ಲಿ ಹರಿಯುವ ಕಾಲುವೆ ಯೋಜನೆಯವರ ಕಿಟಕಿಯಲ್ಲಿ ಒಣಗಿದ್ದರೆ, ಅದನ್ನು ಭ್ರಷ್ಟಾಚಾರವೆಂದು ಕೂಗಾಡುವುದು ಅಜ್ಞಾನ. ಅದು ಕೇವಲ ವ್ಯೂಪೋರ್ಟ್ ಫ್ರೀಜ್.

ಕಾಲುವೆ ಕಂಡರೂ ಅದರ ಅಂಚಿನಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ವಲಯದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಪ್ರಶ್ನೆ ಉಳಿಯುತ್ತದೆ. "ಪರಿಷ್ಕೃತ ಮಹಾಯೋಜನೆ 2015"ರ ಪ್ರಕಾರ ಕಾಲುವೆಯ ನಡುಮಧ್ಯದಿಂದ, ಅದರ ದರ್ಜೆಗೆ ತಕ್ಕಂತೆ, 50, 25 ಅಥವಾ 15 ಮೀಟರ್. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನಡುಮಧ್ಯವನ್ನು ಬಿಟ್ಟು ಅಂಚಿನಿಂದ ಅಳೆಯಬೇಕೆಂದೂ, ಅಂತರವು 50, 35 ಮತ್ತು 25 ಮೀಟರ್ ಇರಬೇಕೆಂದೂ ಹೇಳಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮೂರು ವರ್ಷಗಳಲ್ಲಿ ನಾನು ಅದೇ ಗೆರೆಯನ್ನು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಸರಿಸಿ ಎರಡೂ ಸಲ ಶುಲ್ಕ ಪಡೆದೆ. ನೀರಿಗೆ ಮಾತ್ರ ಈ ತಿದ್ದುಪಡಿಗಳ ಪ್ರತಿಯನ್ನು ಯಾರೂ ಕಳುಹಿಸಿದಂತಿಲ್ಲ.

ಬೇರೆ ಕಡತದಿಂದ ಜೋಡಿಸಿಕೊಂಡ ನಕ್ಷೆಗೆ ಎಕ್ಸ್‌ರೆಫ್ ಎನ್ನುತ್ತಾರೆ. ಅದರ ಲೇಯರ್‌ಗಳನ್ನು ನಮ್ಮ ಕಡತದೊಳಗಿಂದಲೇ ಆರಿಸಬಹುದು. ಆದರೆ ವಿಸ್‌ರಿಟೈನ್ ಎಂಬ ಸೆಟ್ಟಿಂಗ್ ಸೊನ್ನೆಯಲ್ಲಿದ್ದರೆ, ಕಡತವನ್ನು ಮರಳಿ ತೆರೆದಾಗ ನಾವು ಆರಿಸಿದ್ದೆಲ್ಲವೂ ಮೂಲದಲ್ಲಿದ್ದಂತೆಯೇ ಎದ್ದು ಕೂರುತ್ತದೆ. ಊರಿನ ಇಳಿಜಾರು ಅಂಥದೊಂದು ಎಕ್ಸ್‌ರೆಫ್. ಅದರ ಮೂಲ ಕಡತ ನಮ್ಮ ಯಾವ ಕಚೇರಿಯಲ್ಲಿಯೂ ಇಲ್ಲ, ಸೆಟ್ಟಿಂಗ್ ಸದಾ ಸೊನ್ನೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ಆ ಕಡತವನ್ನು ಮರಳಿ ತೆರೆದಾಗ, ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ನಾವು ಆರಿಸಿಟ್ಟಿದ್ದ ಲೇಯರ್‌ಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು, ಮತ್ತು ಕೋಟಿಗಟ್ಟಲೆ ಬೆಲೆಯ ಮನೆಗಳ ನಿವಾಸಿಗಳು ಟ್ರ್ಯಾಕ್ಟರ್ ಏರಿ ಹೊರಬಂದರು. ಆಮೇಲೆ ಒತ್ತುವರಿ ತೆರವಿನ ಬುಲ್ಡೋಜರ್‌ಗಳು ಹೊರಟವು, ಕೆಲವು ದಿನ ಓಡಿದವು. 2025ರಲ್ಲಿ ಒಂದು ಮಹಾನಗರ ಪಾಲಿಕೆಯನ್ನು ಐದು ಪಾಲಿಕೆಗಳನ್ನಾಗಿ ಮಾಡಲಾಯಿತು. ನಮ್ಮ ಭಾಷೆಯಲ್ಲಿ ಇದಕ್ಕೆ "ಸೇವ್ ಆ್ಯಸ್" ಎನ್ನುತ್ತಾರೆ. ಕಡತದ ಹೆಸರು ಬದಲಾಗುತ್ತದೆ, ಆರಿದ ಬಲ್ಬುಗಳು ಆರಿದಂತೆಯೇ ಹೊಸ ಕಡತಕ್ಕೂ ಬರುತ್ತವೆ.

ಕಳೆದ ಮಳೆಗಾಲದಲ್ಲಿ ನೆಲಮಾಳಿಗೆಗೆ ನೀರು ನುಗ್ಗಿಸಿಕೊಂಡ ಫ್ಲ್ಯಾಟ್ ಮಾಲೀಕರೊಬ್ಬರು ಲ್ಯಾಪ್‌ಟಾಪ್ ಹಿಡಿದು ನನ್ನಲ್ಲಿಗೆ ಬಂದರು. ಅವರ ಕಟ್ಟಡದ ನಕ್ಷೆಯ ಪರದೆಯ ಮೇಲೆ ಕಾಲುವೆಯೂ, ಅದರ ಮೀಸಲು ವಲಯವೂ ಸ್ಪಷ್ಟವಾಗಿ ಕಾಣಿಸುತ್ತಿದ್ದವು. ಆದರೆ ಮಂಜೂರಾದ ಕಾಗದದ ಪ್ರತಿಯಲ್ಲಿ ಎರಡೂ ಇರಲಿಲ್ಲ. ಬಲ್ಬು ಉರಿಯುತ್ತಿತ್ತು, ಸೂರ್ಯನಿದ್ದ, ಬೀಗವಿರಲಿಲ್ಲ. ಗೆರೆಯ ಮೇಲೆ ಕ್ಲಿಕ್ ಮಾಡಿದಾಗ ಗುಟ್ಟು ಬಯಲಾಯಿತು. ಅದನ್ನು ಡೆಫ್‌ಪಾಯಿಂಟ್ಸ್ ಎಂಬ ಲೇಯರಿನಲ್ಲಿ ಬರೆಯಲಾಗಿತ್ತು. ಅಳತೆಗಳನ್ನು ನಮೂದಿಸುವಾಗ ತಂತ್ರಾಂಶ ತಾನಾಗಿಯೇ ಸೃಷ್ಟಿಸಿಕೊಳ್ಳುವ ಈ ಲೇಯರಿನಲ್ಲಿರುವುದು ಪರದೆಯ ಮೇಲೆ ಎಷ್ಟು ಬೇಕಾದರೂ ಹೊಳೆಯುತ್ತದೆ, ಕಾಗದದ ಮೇಲೆ ಎಂದಿಗೂ ಮುದ್ರಣವಾಗುವುದಿಲ್ಲ.

ಅವರು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದರು. ಗೆರೆಗಳನ್ನು ಮುದ್ರಣವಾಗುವ ಲೇಯರಿಗೆ ಸಾಗಿಸುವುದು ಅರ್ಧ ನಿಮಿಷದ ಕೆಲಸವೆಂದೂ, ಈಗಲೇ ಮಾಡಿ ಪ್ರಿಂಟ್ ತೆಗೆದುಕೊಡಬಲ್ಲೆನೆಂದೂ ತಿಳಿಸಿದೆ.

"ಸದ್ಯಕ್ಕೆ ಹಾಗೆಯೇ ಇರಲಿ ಬಿಡಿ ಸಾರ್" ಎಂದು ಅವರು ಲ್ಯಾಪ್‌ಟಾಪ್ ಮುಚ್ಚಿದರು. "ಭಾನುವಾರ ಫ್ಲ್ಯಾಟ್ ನೋಡಲು ಒಬ್ಬರು ಬರುವವರಿದ್ದಾರೆ."