ಲೂ ಅಂದರೆ ಬರೀ ಬಿಸಿಗಾಳಿಯಾ?

ಫೋನಿನಲ್ಲಿ ತಮ್ಮ ನಕ್ಕುಬಿಟ್ಟ. ಜೋಧಪುರದಲ್ಲಿ ಲೂ ಶುರುವಾಗಿದೆ, ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ ಅಂದಿದ್ದೆ. "ಬಿಸಿಗಾಳಿ ತಾನೇ? ಅದಕ್ಕೆ ಇಷ್ಟು ಬಿಲ್ಡಪ್ಪಾ?" ಅಂದ. ಸ್ವಲ್ಪ ಚುರುಕ್ ಅಂದಿತು.

ಬಿಸಿಗಾಳಿಯೇ, ಇಲ್ಲ ಅನ್ನುವುದಿಲ್ಲ. ಮೇ, ಜೂನ್‌ನಲ್ಲಿ ಥಾರ್ ಮರುಭೂಮಿಯ ಕಡೆಯಿಂದ ಹಗಲು ಹೊತ್ತು ಬೀಸುತ್ತದೆ. ದೆಹಲಿ ದಾಟಿ ಬಿಹಾರದವರೆಗೂ ಹೋಗುತ್ತದೆ. ಆದರೆ ಇಲ್ಲಿಯವರು ಆ ಮಾತನ್ನು ಬಳಸುವ ರೀತಿ ನೋಡಬೇಕು. "ಲೂ ಚಲ್ ರಹೀ ಹೈ" ಅಂದರೆ ಗಾಳಿ. "ಲೂ ಲಗ್ ಗಯೀ" ಅಂದರೆ ಕಾಯಿಲೆ. ತಲೆಸುತ್ತು, ವಾಂತಿ, ಮೈಯೆಲ್ಲ ಕೆಂಡ. ಗಾಳಿಗೂ ಅದು ತರುವ ಕಾಯಿಲೆಗೂ ಒಂದೇ ಹೆಸರು. ನಮ್ಮಲ್ಲಿ ಗಾಳಿ ಸೋಕಿತು ಅಂದರೆ ಯಂತ್ರ ಕಟ್ಟಿಸಲು ಓಡುತ್ತಾರೆ. ಇಲ್ಲಿ ಸುಟ್ಟ ಮಾವಿನಕಾಯಿಯ ಪಾನಕ ಕುಡಿಸುತ್ತಾರೆ.

ಲೂ ಒಣಗಾಳಿ. ಬೆವರು ಬಂದಲ್ಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಹಾಗಾಗಿ ಮೈಯಿಂದ ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಮಂಗಳೂರಿನ ಸೆಕೆಗೆ ಒಗ್ಗಿದವರು ಮೋಸಹೋಗುವುದು ಇಲ್ಲೇ. ಇದೇ ಕಡೆಯ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಮುಟ್ಟಿತ್ತು. ಅದಕ್ಕೇ ಪ್ಲಂಬರ್ "ಲೂ ಇದೆ, ಸಂಜೆ ಬರ್ತೀನಿ" ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ಮುಖಕ್ಕೆ ಬಟ್ಟೆ ಸುತ್ತದೆ ಗೇಟ್ ದಾಟಿದರೆ ಪಕ್ಕದ ಮನೆಯ ಕಾಕಿಸಾ (ಇಲ್ಲಿ ಚಿಕ್ಕಮ್ಮನನ್ನು ಕರೆಯುವುದು ಹಾಗೆ) ಕೂಗಿ ನಿಲ್ಲಿಸಿ, ಜೇಬಿಗೆ ಒಂದು ಈರುಳ್ಳಿ ತುರುಕುತ್ತಾರೆ. ಈರುಳ್ಳಿಯಿಂದ ಏನಾಗುತ್ತದೋ ದೇವರೇ ಬಲ್ಲ. ನೆರಳು ಹಿಡಿದು ನಡೆಯಬೇಕು ಅನ್ನುವುದಂತೂ ನೆನಪಿರುತ್ತದೆ.

ನನಗೆ ಹೊಟ್ಟೆ ಉರಿಯುವುದು ರೋಹಿಣಿ ಮಳೆ ನಕ್ಷತ್ರದ ವಿಷಯದಲ್ಲಿ. ಮೇ 25ರ ಹೊತ್ತಿಗೆ ನಮ್ಮೂರಲ್ಲಿ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುವ ಕನಸು. ಇಲ್ಲಿ ಅದೇ ರೋಹಿಣಿಯ ಮೊದಲ ಒಂಬತ್ತು ದಿನ ನೌತಪಾ. ಲೂ ಜೋರಾಗಿಯೇ ಬೀಸಲಿ ಅಂತ ರೈತರು ಕಾಯುತ್ತಾರೆ! ಬೀಸದಿದ್ದರೆ ಇಲಿ, ಹುಳು, ಮಿಡತೆ ಹೆಚ್ಚುತ್ತವೆ ಅನ್ನುವುದು ಜೋಧಪುರದ ಸುತ್ತಲಿನ ಈ ಮಾರವಾಡದ ಹಳೇ ಮಾತು.

ನಮ್ಮಲ್ಲಿ ಸೆಕೆ, ಧಗೆ, ಝಳ, ಬೇಗೆ ಎಲ್ಲ ಇವೆ. ರಾಯಚೂರಲ್ಲಿ ಮೇ ತಿಂಗಳ ಮಧ್ಯಾಹ್ನ ಬೀಸುವುದೇನು ತಂಗಾಳಿಯಾ? ಅದನ್ನೂ "ಬಿಸಿಲು ಜಾಸ್ತಿ" ಅಂತ ಮುಗಿಸಿಬಿಡುತ್ತೇವೆ. ಆಮೇಲೆ ಹನ್ನೆರಡೂವರೆಗೆ ಮುಹೂರ್ತ ಇಟ್ಟು, ಮನೆ ಮುಂದಿನ ಶಾಮಿಯಾನದ ಕೆಳಗೆ ಅಜ್ಜ ಅಜ್ಜಿಯರನ್ನು ಬೇಯಿಸುತ್ತೇವೆ. ಬೇಡ ಅಂದವರಿಗೆ "ಬಿಸಿಲಿಗೆ ಹೆದರಿದ್ರೆ ಆಗುತ್ತಾ?" ಅಂತ ಜಂಬ ಬೇರೆ. ಈ ವಿಷಯದಲ್ಲಿ ಮಾರವಾಡದವರೇ ಜಾಣರು ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹಾಗಂತ ನಮ್ಮವರು ಸುಮ್ನೆ ಕೂತಿದ್ದಾರೆ ಅನ್ನೋಕಾಗಲ್ಲ, ಬಿಡಿ. ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ 1.30ರವರೆಗಿನ ವೇಳಾಪಟ್ಟಿ ಇದೆ. ಮತ್ತೆ ಇಲ್ಲಿ ಜೋಧಪುರದಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುವವರೂ ಮನೆ, ಅಂಗಡಿ ಇದ್ದವರೇ ಅಲ್ವಾ? ಜೋಧಪುರದ ಕಲ್ಲು ಗಣಿಗಳಲ್ಲಿ ಕೆಲಸ ಮಾಡುವವರು, ರಸ್ತೆಗೆ ಡಾಂಬರು ಹಾಕುವವರು ಎರಡು ಗಂಟೆಯ ಬಿಸಿಲಲ್ಲೂ ನಿಂತಿರುತ್ತಾರೆ. ಲೂ ಇದೆ ಅಂತ ಅವರ ಕೂಲಿ ಹೊತ್ತೇನೂ ಬದಲಾಗುವುದಿಲ್ಲ.